ಉರ್ದು ಕಾದಂಬರಿಯ ಮನೆವಾರ್ತೆ

ಉರ್ದುವಿನ ಮೊದಲ ಕಾದಂಬರಿ ‘ಮಿರಾತ್-ಉಲ್-ಉರೂಸ್’ 1869ರಲ್ಲಿ ಅಚ್ಚಾಯಿತು ಎಂಬುದು ಸಾಹಿತ್ಯ ಚರಿತ್ರೆಕಾರರು ಬಹುಮಟ್ಟಿಗೆ ಒಪ್ಪಿರುವ ಮಾತು. ವಧುವಿನ ಕನ್ನಡಿ ಎಂಬ ಅರ್ಥದ ಈ ಪುಸ್ತಕದಲ್ಲಿ ರಾಜಕುಮಾರರಿಲ್ಲ, ಮಾಯಾವಿಗಳಿಲ್ಲ, ಯುದ್ಧವೂ ಇಲ್ಲ. ದೆಹಲಿಯ ಒಂದು ಮರ್ಯಾದಸ್ಥ ಮುಸ್ಲಿಂ ಕುಟುಂಬ, ಆ ಮನೆಯ ಅಣ್ಣ-ತಮ್ಮಂದಿರನ್ನು ಮದುವೆಯಾಗಿ ಬಂದ ಅಕ್ಕ-ತಂಗಿ, ಅಡುಗೆಮನೆಯ ಖರ್ಚು, ಮನೆಗೆಲಸದವಳ ಲೆಕ್ಕ, ಇಷ್ಟೇ ಅದರ ಸಾಮಗ್ರಿ. ಅಂದಿನಿಂದ ಇಂದಿನವರೆಗೆ ಉರ್ದುವಿನ ದೊಡ್ಡ ಕಾದಂಬರಿಗಳಲ್ಲಿ ಹೆಚ್ಚಿನವು ಮನೆಯನ್ನು ಬಿಟ್ಟು ಬಹಳ ದೂರ ಹೋಗಿಲ್ಲ. 1857ರ ದಂಗೆ, 1947ರ ದೇಶವಿಭಜನೆ, 1971ರಲ್ಲಿ ಪಾಕಿಸ್ತಾನ ಎರಡಾದದ್ದು, ಇವೆಲ್ಲ ಒಂದು ಮನೆಯ ಹೊಸ್ತಿಲು ದಾಟಿ ಒಳಬಂದಾಗ ಅಲ್ಲಿದ್ದವರಿಗೆ ಏನಾಯಿತು ಎಂದು ಅವು ಕೇಳುತ್ತ ಬಂದಿವೆ. ಉರ್ದು ಎಂದೊಡನೆ ಗಜಲ್, ಶಾಯರಿ, ಮುಶಾಯಿರಾ ನೆನಪಾಗುವುದು ಸಹಜ. ಆ ಭಾಷೆಯಾಡುವ ಜನ ಒಂದೂವರೆ ಶತಮಾನದಲ್ಲಿ ಹೇಗೆ ಬಾಳಿದರು ಎಂದು ತಿಳಿಯಬೇಕಾದರೆ ಅವರ ಕಾದಂಬರಿಗಳನ್ನೇ ಓದಬೇಕು.

ದಾಸ್ತಾನಿನ ಕಾಲ

ಕಾದಂಬರಿ ಬರುವ ಮುಂಚೆಯೂ ಉರ್ದುವಿನಲ್ಲಿ ಕಥೆಗೆ ಬರವಿರಲಿಲ್ಲ. ಅದರ ಬಹಳ ಹಳೆಯ ಕಥನಗಳು ಹುಟ್ಟಿದ್ದು ದಖ್ಖನ್ನಿನಲ್ಲಿ. ಬಹಮನಿ ಸುಲ್ತಾನರ ಬೀದರಿನಲ್ಲಿ, 15ನೆಯ ಶತಮಾನದಲ್ಲಿ, ಫಖ್ರುದ್ದೀನ್ ನಿಜಾಮಿ ಬರೆದ ‘ಕದಮ್ ರಾವ್ ಪದಮ್ ರಾವ್’ ಎಂಬ ಕಥನಕಾವ್ಯವು ದಖನಿ ಉರ್ದುವಿನ ಮೊದಲ ದೊಡ್ಡ ಕೃತಿಗಳಲ್ಲಿ ಒಂದು. ಆದಿಲ್‌ಶಾಹಿ ವಿಜಯಪುರದ ಆಸ್ಥಾನಕವಿ ನುಸ್ರತಿ 1657ರಲ್ಲಿ ‘ಗುಲ್ಶನ್-ಎ-ಇಶ್ಕ್’ ಎಂಬ ಪ್ರೇಮಕಥೆಯನ್ನು ಪದ್ಯದಲ್ಲಿ ಬರೆದರು. ಅದಕ್ಕೂ ಮೊದಲೇ, 1635ರಲ್ಲಿ, ಗೋಲ್ಕೊಂಡದ ಮುಲ್ಲಾ ವಜಹಿ ‘ಸಬ್ ರಸ್’ ಎಂಬ ಗದ್ಯಕೃತಿಯನ್ನು ರಚಿಸಿದ್ದರು. ಅದರಲ್ಲಿ ಬುದ್ಧಿ, ಹೃದಯ, ಸೌಂದರ್ಯಗಳೇ ಪಾತ್ರಗಳಾಗಿ ಓಡಾಡುತ್ತವೆ.

ಉತ್ತರದಲ್ಲಿ ಜನಪ್ರಿಯವಾಗಿದ್ದದ್ದು ದಾಸ್ತಾನ್. ಸಂಜೆಯ ಹೊತ್ತು ದಾಸ್ತಾನ್‌ಗೋ ಎಂಬ ಕಥೆಗಾರ ಕುಳಿತು ದಿನಗಟ್ಟಲೆ ಎಳೆದು ಹೇಳುತ್ತಿದ್ದ ಅದ್ಭುತ ಕಥೆಯಿದು. ಅಮೀರ್ ಹಂಜಾ ಎಂಬ ವೀರ, ಅವನ ಜೊತೆಗಿರುವ ವೇಷಗಾರ ಅಯ್ಯಾರರು, ಮಾಯಾವಿಗಳು ಕಟ್ಟಿದ ತಿಲಿಸ್ಮ್ ಎಂಬ ಇಂದ್ರಜಾಲದ ಲೋಕಗಳು ಇದರ ಸರಕು. ಲಖನೌದಲ್ಲಿ 1858ರಲ್ಲಿ ಆರಂಭವಾದ ನವಲ್ ಕಿಶೋರ್ ಮುದ್ರಣಾಲಯವು ಬಾಯಿಂದ ಬಾಯಿಗೆ ಹರಿಯುತ್ತಿದ್ದ ಈ ಕಥೆಯನ್ನು ಬರೆಸಿ 46 ಭಾರಿ ಸಂಪುಟಗಳಲ್ಲಿ ಹೊರತಂದಿತು. ‘ತಿಲಿಸ್ಮ್-ಎ-ಹೋಶ್‌ರುಬಾ’ ಅವುಗಳಲ್ಲೆಲ್ಲ ಹೆಸರಾದದ್ದು. ಹಳೆಯ ಪರಂಪರೆಯ ಕೊನೆಯ ಹೆಸರಾಂತ ದಾಸ್ತಾನ್‌ಗೋ, ದೆಹಲಿಯ ಮೀರ್ ಬಾಕರ್ ಅಲಿ, 1928ರಲ್ಲಿ ತೀರಿಕೊಂಡರು. ಅಂದರೆ ದಾಸ್ತಾನ್ ಮತ್ತು ಕಾದಂಬರಿ ಒಂದರ ನಂತರ ಒಂದು ಬಂದವಲ್ಲ. ಎರಡೂ ಹಲವು ದಶಕ ಒಟ್ಟಿಗೇ ಬಾಳಿದವು, ಎಷ್ಟೋ ಸಲ ಒಂದೇ ಮುದ್ರಣಾಲಯದಿಂದ ಹೊರಬಿದ್ದವು.

ಆ ಅಚ್ಚಿನ ರೀತಿಯೂ ತಿಳಿಯತಕ್ಕದ್ದು. ಉರ್ದುವಿನ ನಸ್ತಾಲಿಕ್ ಬರವಣಿಗೆಯಲ್ಲಿ ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡು ಓರೆಯಾಗಿ ಕೆಳಗಿಳಿಯುವುದರಿಂದ ಬಿಡಿ ಅಚ್ಚುಮೊಳೆಗಳು ಅದಕ್ಕೆ ಒಗ್ಗಲಿಲ್ಲ. ಕಾತಿಬ್ ಎಂಬ ಲಿಪಿಕಾರ ಪ್ರತಿ ಪುಟವನ್ನೂ ಕೈಯಿಂದ ಬರೆಯುತ್ತಿದ್ದ. ಆ ಬರಹವನ್ನು ಕಲ್ಲಿಗೆ ಇಳಿಸಿ, ಕಲ್ಲಿನಿಂದ ಕಾಗದಕ್ಕೆ ಒತ್ತುತ್ತಿದ್ದರು. ಸಾವಿರ ಪುಟದ ಕಾದಂಬರಿಯಾದರೂ ಅಷ್ಟೂ ಪುಟಗಳು ಕಾತಿಬನ ಲೇಖನಿಯಿಂದಲೇ ಬರಬೇಕಿತ್ತು. 1981ರಲ್ಲಿ ನೂರಿ ನಸ್ತಾಲಿಕ್ ಎಂಬ ಕಂಪ್ಯೂಟರ್ ಲಿಪಿ ಬಳಕೆಗೆ ಬಂದ ಮೇಲಷ್ಟೇ ಈ ಕಸುಬು ಹಿಂದೆ ಸರಿಯಿತು.

ಬಹುಮಾನ ಗೆದ್ದ ಮನೆ

ನಜೀರ್ ಅಹ್ಮದ್ (ನಿಧನ 1912) ಹಳೆಯ ದೆಹಲಿ ಕಾಲೇಜಿನಲ್ಲಿ ಓದಿ, ಬ್ರಿಟಿಷ್ ಸರ್ಕಾರದ ಶಿಕ್ಷಣ ಮತ್ತು ಕಂದಾಯ ಇಲಾಖೆಗಳಲ್ಲಿ ದುಡಿದವರು. ಭಾರತೀಯ ದಂಡ ಸಂಹಿತೆಯನ್ನು ಉರ್ದುವಿಗೆ ತಂದವರಲ್ಲಿ ಅವರೂ ಒಬ್ಬರು. ತಮ್ಮ ಹೆಣ್ಣುಮಕ್ಕಳ ಕೈಗೆ ಕೊಡಲು ತಕ್ಕ ಪುಸ್ತಕ ಕಾಣದೆ ತಾವೇ ಕಥೆಯನ್ನು ಬರೆಯತೊಡಗಿದರು. ಜನಭಾಷೆಗಳಲ್ಲಿ ಉಪಯುಕ್ತ ಪುಸ್ತಕ ಬರೆದವರಿಗೆ ಬಹುಮಾನ ಕೊಡುವುದಾಗಿ ವಾಯವ್ಯ ಪ್ರಾಂತಗಳ ಸರ್ಕಾರ 1868ರಲ್ಲಿ ಪ್ರಕಟಿಸಿತ್ತು. ‘ಮಿರಾತ್-ಉಲ್-ಉರೂಸ್’ಗೆ ಆ ಯೋಜನೆಯಲ್ಲಿ ಸಾವಿರ ರೂಪಾಯಿ ಬಂತು. ಪುಸ್ತಕ ಹುಡುಗಿಯರ ಪಾಠದ ಸಾಲಿಗೆ ಸೇರಿ ಮನೆಮನೆ ಹೊಕ್ಕಿತು.

ಅಕ್ಕ ಅಕ್ಬರಿ ಮುಂಗೋಪಿ, ಕೆಲಸ ಬಾರದವಳು. ಹಜ್ ಮಾಡಿ ಬಂದವಳಂತೆ ನಟಿಸುವ ಒಬ್ಬ ಠಕ್ಕಿ ಅಗ್ಗದ ಸಾಮಾನು ತೋರಿಸಿ, ಸಿಹಿಮಾತಾಡಿ, ಕೊನೆಗೆ ಅವಳ ಒಡವೆಗಳನ್ನೆಲ್ಲ ಹೊತ್ತುಕೊಂಡು ಹೋಗುತ್ತಾಳೆ. ತಂಗಿ ಅಸ್ಗರಿ ಓದು ಕಲಿತವಳು. ಗಂಡನ ಮನೆಗೆ ಬಂದವಳೇ, ವರ್ಷಗಳಿಂದ ಅಂಗಡಿಯ ಲೆಕ್ಕದಲ್ಲಿ ಕೈಯಾಡಿಸುತ್ತಿದ್ದ ಮನೆಗೆಲಸದ ಅಜಮತ್‌ಳ ಕಳ್ಳತನವನ್ನು ಪತ್ತೆ ಮಾಡುತ್ತಾಳೆ. ಮುಂದೆ ಮನೆಯಲ್ಲೇ ಹುಡುಗಿಯರಿಗೆ ಶಾಲೆ ತೆರೆಯುತ್ತಾಳೆ. ನೀತಿ ಸ್ಪಷ್ಟವಾಗಿಯೇ ಇದೆ. ಆದರೆ ದೆಹಲಿಯ ಹೆಂಗಸರ ಮಾತನ್ನು ಅದರ ಎಲ್ಲ ಮೊನಚಿನೊಂದಿಗೆ ಪುಟಕ್ಕಿಳಿಸಿದ್ದರಿಂದ ಪುಸ್ತಕ ನೀತಿಪಾಠವನ್ನೂ ಮೀರಿ ಉಳಿಯಿತು. ಓದುಗರಿಗೆ ನೆನಪಿರುವುದೂ ಒಳ್ಳೆಯ ತಂಗಿಗಿಂತ ಕೆಟ್ಟ ಅಕ್ಕನೇ ಹೆಚ್ಚು.

ಇದೇ ಇಬ್ಬಂದಿ 1874ರ ‘ತೌಬತುನ್ನಸೂಹ್’ ಕಾದಂಬರಿಯಲ್ಲಿ ಇನ್ನೂ ಆಳವಾಗಿದೆ. ದೆಹಲಿಯಲ್ಲಿ ಕಾಲರಾ. ಸಾವಿನ ಬಾಗಿಲಿಗೆ ಹೋಗಿ ಬಂದ ನಸೂಹ್ ಕನಸಿನಲ್ಲಿ ಪರಲೋಕದ ವಿಚಾರಣೆ ಕಂಡು, ಮನೆಮಂದಿಯನ್ನೆಲ್ಲ ಧರ್ಮದ ದಾರಿಗೆ ತರಲು ಹೊರಡುತ್ತಾನೆ. ಹಿರಿಯ ಮಗ ಕಲೀಮ್ ಕವಿ, ಶೋಕಿಗಾರ, ಅವನು ಒಪ್ಪುವುದಿಲ್ಲ. ತಂದೆ ಮಗನ ಪುಸ್ತಕಗಳನ್ನು ಸುಡುತ್ತಾನೆ, ಮಗ ಮನೆ ಬಿಡುತ್ತಾನೆ. ತಾನು ಭಾರಿ ಶ್ರೀಮಂತನೆಂದು ಕೊಚ್ಚಿಕೊಳ್ಳುತ್ತಿದ್ದ ಗೆಳೆಯ ಜಾಹಿರ್‌ದಾರ್ ಬೇಗ್‌ನ ಹತ್ತಿರ ಅವನು ಆಶ್ರಯ ಕೇಳಿದರೆ, ಆ ಬಡಾಯಿಗಾರ ಅವನನ್ನು ಪಾಳುಬಿದ್ದ ಮಸೀದಿಯಲ್ಲಿ ಮಲಗಿಸಿ, ರಾತ್ರಿಯೂಟಕ್ಕೆ ಹುರಿಗಡಲೆ ತಂದುಕೊಟ್ಟು ಅದರ ರುಚಿಯನ್ನೇ ಹಾಡಿ ಹೊಗಳುತ್ತಾನೆ. ಲೇಖಕರ ತೀರ್ಪು ತಂದೆಯ ಪರವಾಗಿದೆ. ಓದುಗರ ಮನಸ್ಸು ಮಾತ್ರ ಮಗನ ಕಡೆ ವಾಲುತ್ತದೆ. 1888ರ ‘ಇಬ್ನ್-ಉಲ್-ವಕ್ತ್’ನಲ್ಲಿ ನಜೀರ್ ಅಹ್ಮದ್ ಇಂಗ್ಲಿಷರಂತೆ ಬದುಕಹೊರಟ ಭಾರತೀಯನೊಬ್ಬ ಎರಡೂ ಕಡೆಗೂ ಸಲ್ಲದೆ ಹೋದ ಕಥೆ ಹೇಳಿದರು.

ಲಖನೌದ ಮೂವರು

ದೆಹಲಿ ಸುಧಾರಣೆಯ ಮಾತಾಡುತ್ತಿದ್ದಾಗ ಲಖನೌ ನಗುತ್ತಿತ್ತು. ಕಾಶ್ಮೀರಿ ಪಂಡಿತರ ಕುಟುಂಬದ ರತನ್‌ನಾಥ್ ಸರ್ಷಾರ್ ನವಲ್ ಕಿಶೋರರ ‘ಅವಧ್ ಅಖ್ಬಾರ್’ ಪತ್ರಿಕೆಯ ಸಂಪಾದಕರಾಗಿ, 1878ರ ಕೊನೆಯಿಂದ ಅದರಲ್ಲೇ ‘ಫಸಾನಾ-ಎ-ಆಜಾದ್’ ಧಾರಾವಾಹಿ ಬರೆದರು. ಪುಸ್ತಕವಾದಾಗ ಅದು ನಾಲ್ಕು ದಪ್ಪ ಸಂಪುಟಗಳಾಯಿತು. ನಾಯಕ ಆಜಾದ್ ಲಖನೌದ ಬೀದಿ, ಜಾತ್ರೆ, ಮೊಹರಂ ಮೆರವಣಿಗೆ, ನವಾಬರ ಬೈಠಕ್ಕುಗಳನ್ನೆಲ್ಲ ಸುತ್ತಿ, ಪ್ರೇಯಸಿಯ ಷರತ್ತಿನಂತೆ ತುರ್ಕಿಯ ಪರವಾಗಿ ರಷ್ಯದ ವಿರುದ್ಧ ಹೋರಾಡಲು ಹೋಗುತ್ತಾನೆ. ಜೊತೆಗೆ ಖೋಜಿ ಎಂಬ ಕುಳ್ಳ, ಅಫೀಮಿನ ದಾಸ. ಎಲ್ಲರೊಂದಿಗೂ ಜಗಳಕ್ಕೆ ನಿಂತು ಒದೆ ತಿನ್ನುವುದು, ಪ್ರತಿ ಸಲವೂ ತನ್ನ ಕಠಾರಿ ಆ ಹೊತ್ತಿಗೆ ಕೈಯಲ್ಲಿ ಇರಲಿಲ್ಲವಲ್ಲ ಎಂದು ಪೇಚಾಡುವುದು ಅವನ ಕೆಲಸ. ‘ಡಾನ್ ಕ್ವಿಕ್ಸೋಟ್’ನ ನೆರಳು ಇಲ್ಲಿ ಕಾಣುತ್ತದೆ, ಆ ಸ್ಪ್ಯಾನಿಷ್ ಕೃತಿಯನ್ನು ಸರ್ಷಾರ್ ಮುಂದೆ ಉರ್ದುವಿಗೂ ತಂದರು. ಕಥೆಯ ಹಂದರ ಸಡಿಲ. ಅಂಕಣಕ್ಕೆ ಅಂಕಣ ತುಂಬಿಸುವ ಅವಸರ ಎದ್ದು ತೋರುತ್ತದೆ. ನವಾಬಿ ಮುಗಿದುಹೋದ ಊರಿನ ಸದ್ದುಗದ್ದಲ, ಬೈಗುಳ, ಬಿನ್ನಾಣ ಅಷ್ಟೊಂದು ವಿವರದಲ್ಲಿ ಬೇರೆಲ್ಲೂ ಉಳಿದಿಲ್ಲ.

ಅಬ್ದುಲ್ ಹಲೀಮ್ ಶರರ್ (1860–1926) ಚಾರಿತ್ರಿಕ ಕಾದಂಬರಿಯ ದಾರಿ ಹಿಡಿದರು. ವಾಲ್ಟರ್ ಸ್ಕಾಟ್ ಧರ್ಮಯುದ್ಧಗಳ ಬಗ್ಗೆ ಬರೆದ ಕಾದಂಬರಿಯಲ್ಲಿ ಮುಸ್ಲಿಮರ ಚಿತ್ರಣ ಅವರಿಗೆ ಸರಿಕಾಣಲಿಲ್ಲ. ಅದಕ್ಕೆ ಉತ್ತರವಾಗಿ ‘ಮಲಿಕ್-ಉಲ್-ಅಜೀಜ್ ವರ್ಜಿನಾ’ ಬರೆದು, ತಾವೇ 1887ರಲ್ಲಿ ಆರಂಭಿಸಿದ್ದ ‘ದಿಲ್‌ಗುದಾಜ್’ ಮಾಸಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ‘ಫಿರ್ದೌಸ್-ಎ-ಬರೀಂ’ ಹಿಡಿತವಿರುವ ಕೃತಿ. ಪರ್ಷಿಯದ ಅಲಮೂತ್ ಕೋಟೆಯ ಪಂಥವೊಂದು ಕೃತಕ ಸ್ವರ್ಗ ಕಟ್ಟಿ, ಯುವಕರನ್ನು ಮರುಳುಮಾಡಿ ಕೊಲೆಗಾರರನ್ನಾಗಿಸುವುದು ಅದರ ವಸ್ತು.

ಮೂರನೆಯವರು ಮಿರ್ಜಾ ಹಾದಿ ರುಸ್ವಾ. ರೂರ್ಕಿಯಲ್ಲಿ ಓವರ್‌ಸಿಯರ್ ತರಬೇತಿ ಪಡೆದು, ಬಲೂಚಿಸ್ತಾನದಲ್ಲಿ ರೈಲುಹಾದಿಯ ಸರ್ವೆ ಮಾಡಿ, ಬಳಿಕ ಲಖನೌದ ಕಾಲೇಜಿನಲ್ಲಿ ಪಾಠ ಹೇಳುತ್ತ, ರಸಾಯನಶಾಸ್ತ್ರ ಮತ್ತು ಖಗೋಳದ ಹುಚ್ಚು ಹಚ್ಚಿಕೊಂಡಿದ್ದ ಮನುಷ್ಯ ಅವರು. ಅವರ ‘ಉಮ್ರಾವ್ ಜಾನ್ ಅದಾ’ 1899ರಲ್ಲಿ ಬಂತು. ಅದೇ ವರ್ಷ ಮಂಗಳೂರಿನ ಕಡೆ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯಾಗಿ ಹೊರಬಿತ್ತು. ಇಲ್ಲಿ ಬಾಲವಿಧವೆ, ಅಲ್ಲಿ ತವಾಯಫ್ ಎಂಬ ಹಾಡು-ಕುಣಿತದ ಗಣಿಕೆ: ಒಂದಕ್ಕೊಂದು ಗುರುತಿಲ್ಲದ ಎರಡು ಭಾಷೆಗಳು ಒಂದೇ ಹೊತ್ತಿನಲ್ಲಿ ಮನೆಯಿಂದ ಹೊರಗಾದ ಹೆಣ್ಣನ್ನು ಕಥೆಯ ನಡುವೆ ನಿಲ್ಲಿಸಿದವು.

ಫೈಜಾಬಾದಿನ ಹುಡುಗಿ ಅಮೀರನ್‌ಳನ್ನು ದಿಲಾವರ್ ಖಾನ್ ಎಂಬ ಪುಂಡ ಕದ್ದೊಯ್ಯುತ್ತಾನೆ. ಅವಳ ತಂದೆ ನ್ಯಾಯಾಲಯದಲ್ಲಿ ಅವನ ವಿರುದ್ಧ ಸಾಕ್ಷಿ ಹೇಳಿದ್ದಕ್ಕೆ ಇದು ಸೇಡು. ಲಖನೌದ ಖಾನಮ್ ನಡೆಸುತ್ತಿದ್ದ, ತವಾಯಫರ ಮನೆಯಾದ ಕೋಠಾಗೆ ಮಾರಾಟವಾದ ಹುಡುಗಿ ಅಲ್ಲಿ ಸಂಗೀತ, ನೃತ್ಯ, ಕಾವ್ಯ ಕಲಿತು ಉಮ್ರಾವ್ ಜಾನ್ ಆಗುತ್ತಾಳೆ. ಕಾದಂಬರಿ ಅವಳೇ ಮುಪ್ಪಿನಲ್ಲಿ ರುಸ್ವಾಗೆ ಹೇಳಿದ ಆತ್ಮಕಥೆಯ ರೂಪದಲ್ಲಿದೆ. ರುಸ್ವಾ ನಡುನಡುವೆ ಪ್ರಶ್ನೆ ಹಾಕುತ್ತಾರೆ, ಅವಳು ಕುಟುಕುತ್ತಾಳೆ, ಕೆಲವನ್ನು ಹೇಳದೆ ಬಿಡುತ್ತಾಳೆ. ದಂಗೆಯ ತರುವಾಯ ಅವಳು ಹಾಡಲು ಫೈಜಾಬಾದಿಗೇ ಹೋಗುವ ಪ್ರಸಂಗ ಕೃತಿಯ ತಿರುಳು. ಹುಣಿಸೆಮರ ನೋಡಿ ಇದು ತನ್ನ ಬಾಲ್ಯದ ಬೀದಿಯೆಂದು ಗುರುತಿಸುತ್ತಾಳೆ. ತಾಯಿ ಸಿಗುತ್ತಾಳೆ, ತಬ್ಬಿಕೊಂಡು ಅಳುತ್ತಾಳೆ. ಆಮೇಲೆ ತಮ್ಮ ಬಂದು ಕುಲಕ್ಕೆ ಕಳಂಕ ತಂದೆಯೆಂದು ಚೂರಿ ಎತ್ತುತ್ತಾನೆ. ಕದ್ದವನ ತಪ್ಪಿಗೆ ಕದ್ದೊಯ್ಯಲ್ಪಟ್ಟವಳೇ ದಂಡ ತೆರಬೇಕಾದ ಈ ಲೆಕ್ಕವನ್ನು ರುಸ್ವಾ ಯಾವ ಉಪದೇಶವೂ ಇಲ್ಲದೆ ಮುಂದಿಡುತ್ತಾರೆ. ಮುಜಫ್ಫರ್ ಅಲಿ 1981ರಲ್ಲಿ ರೇಖಾ ಅವರನ್ನು ನಾಯಕಿಯಾಗಿಸಿ ತೆಗೆದ ಚಿತ್ರದಿಂದ ಈ ಕಥೆ ಉರ್ದು ಬಾರದವರಿಗೂ ಪರಿಚಯವಾಯಿತು. ಸರ್ಷಾರ್, ರುಸ್ವಾ ಇಬ್ಬರೂ ಕೊನೆಗಾಲದಲ್ಲಿ ಹೈದರಾಬಾದ್ ಸೇರಿ ಅಲ್ಲೇ ತೀರಿಕೊಂಡರು. ಲಖನೌ ಕಳೆದುಕೊಂಡ ಆಶ್ರಯ ಆಗ ನಿಜಾಮರ ರಾಜ್ಯದಲ್ಲಿ ಉಳಿದಿತ್ತು.

ಹೆಸರಿಲ್ಲದ ಲೇಖಕಿಯರು

ನಜೀರ್ ಅಹ್ಮದ್ ಹೆಂಗಸರಿಗಾಗಿ ಬರೆದರು. ಹೆಂಗಸರು ತಾವೇ ಬರೆಯಲು ಬಹಳ ಕಾಲ ಹಿಡಿಯಲಿಲ್ಲ. ಪಟ್ನಾದ ರಶೀದುನ್ನಿಸಾ, ನಜೀರ್ ಅಹ್ಮದರ ಕಾದಂಬರಿಯಿಂದ ಸ್ಫೂರ್ತಿ ಪಡೆದು, 1881ರಲ್ಲಿ ‘ಇಸ್ಲಾಹುನ್ನಿಸಾ’ ಬರೆದರು. ಅಚ್ಚಾದದ್ದು 1894ರಲ್ಲಿ, ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರಿ ಓದಿ ಬಂದ ಮಗನ ಆಸಕ್ತಿಯಿಂದ. ಆಗಲೂ ಪುಸ್ತಕದ ಮೇಲೆ ಅವರ ಹೆಸರಿಲ್ಲ. ಇಂಥವರ ತಾಯಿ, ಇಂಥವರ ಮಗಳು, ಇಂಥವರ ತಂಗಿ ಎಂದಷ್ಟೇ ಇತ್ತು. ಉರ್ದುವಿನಲ್ಲಿ ಹೆಣ್ಣು ಬರೆದ ಮೊದಲ ಕಾದಂಬರಿ ಎಂದು ಇಂದು ಅದನ್ನು ಗುರುತಿಸುತ್ತಾರೆ.

1898ರಲ್ಲಿ ಲಾಹೋರಿನಿಂದ ಹೊರಟ ‘ತಹಜೀಬ್-ಎ-ನಿಸ್ವಾನ್’ ವಾರಪತ್ರಿಕೆಯ ಸಂಪಾದಕಿ ಮುಹಮ್ಮದಿ ಬೇಗಂ ಮೂವತ್ತು ವರ್ಷದಷ್ಟು ಚಿಕ್ಕ ಆಯುಸ್ಸಿನಲ್ಲೇ ಕಾದಂಬರಿಗಳನ್ನೂ ಬರೆದರು. ಈ ಪತ್ರಿಕೆ ಪರದೆಯೊಳಗಿನ ಓದುಗಿಯರನ್ನು ಲೇಖಕಿಯರನ್ನಾಗಿ ಬೆಳೆಸಿತು. ಅವರಲ್ಲಿ ಒಬ್ಬರು ನಜ್ರ್ ಸಜ್ಜಾದ್ ಹೈದರ್. ಮದುವೆಗೆ ಮುಂಚೆ ಅವರೂ ತಂದೆಯ ಹೆಸರಿಗೆ ಮಗಳೆಂಬ ಪದ ಸೇರಿಸಿಕೊಂಡೇ ಬರೆಯುತ್ತಿದ್ದರು. ಅವರ ಮಗಳು ಕುರ್ರತುಲ್ ಐನ್ ಹೈದರ್ ಸ್ವಂತ ಹೆಸರಿನಲ್ಲಿ ಬರೆದು ಉರ್ದು ಕಾದಂಬರಿಯ ಶಿಖರಕ್ಕೇರಿದರು.

ಪ್ರೇಮಚಂದ್ ಮತ್ತು ಪ್ರಗತಿಶೀಲರು

ಹಿಂದಿಯ ಕಾದಂಬರಿ ಸಾಮ್ರಾಟರೆನಿಸಿದ ಪ್ರೇಮಚಂದ್ ಬರವಣಿಗೆ ಆರಂಭಿಸಿದ್ದು ಉರ್ದುವಿನಲ್ಲಿ. ದೇವಾಲಯದ ಮಹಂತರ ಭ್ರಷ್ಟಾಚಾರ ಕುರಿತ ಅವರ ಮೊದಲ ಕಾದಂಬರಿ 1903ರಿಂದ ಬನಾರಸಿನ ಉರ್ದು ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು. ‘ಬಾಜಾರ್-ಎ-ಹುಸ್ನ್’ ಕೂಡ ಮೊದಲು ಉರ್ದುವಿನಲ್ಲೇ ಬರೆದದ್ದು. ಆದರೆ ಪ್ರಕಾಶಕರು ಸಿಕ್ಕದೆ ಹಿಂದಿಯ ‘ಸೇವಾಸದನ’ವೇ ಮುಂಚೆ ಅಚ್ಚಾಗಿ, ಉರ್ದು ಮೂಲ ಹಲವು ವರ್ಷ ತಡವಾಯಿತು. ಹಿಂದಿಗೆ ಓದುಗರು, ಪ್ರಕಾಶಕರು ಹೆಚ್ಚುತ್ತಿದ್ದ ಕಾಲವದು. ಅವರ ವೃತ್ತಿಜೀವನದ ತಿರುವು ಎರಡು ಭಾಷೆಗಳ ಭವಿಷ್ಯವನ್ನೂ ತೋರಿಸುತ್ತದೆ. ಹಳ್ಳಿಯ ರೈತನನ್ನು ಉರ್ದು ಕಾದಂಬರಿಗೆ ಕರೆತಂದ ಹಿರಿಮೆ ಪ್ರೇಮಚಂದರದ್ದೇ.

1932ರಲ್ಲಿ ಸಜ್ಜಾದ್ ಜಹೀರ್, ಅಹ್ಮದ್ ಅಲಿ, ರಶೀದ್ ಜಹಾನ್ ಮತ್ತು ಮಹಮೂದುಜ್ಜಫರ್ ಸೇರಿ ತಂದ ‘ಅಂಗಾರೆ’ ಕಥಾಸಂಕಲನ ಮುಲ್ಲಾಗಳ ಮತ್ತು ಮನೆಯ ಗಂಡಸರ ದಬ್ಬಾಳಿಕೆಯನ್ನು ನೇರವಾಗಿ ಕೆಣಕಿತು. ಮರುವರ್ಷ ಸರ್ಕಾರ ಅದನ್ನು ನಿಷೇಧಿಸಿತು. 1936ರ ಏಪ್ರಿಲ್‌ನಲ್ಲಿ ಲಖನೌದಲ್ಲಿ ಪ್ರಗತಿಶೀಲ ಲೇಖಕರ ಸಂಘದ ಮೊದಲ ಸಮ್ಮೇಳನ ನಡೆದಾಗ ಅಧ್ಯಕ್ಷತೆ ವಹಿಸಿದವರು ಪ್ರೇಮಚಂದ್. ಮುಂದಿನ ದಶಕದಲ್ಲಿ ಕನ್ನಡದಲ್ಲೂ ಅದೇ ಹೆಸರಿನ ಚಳವಳಿ ಬೆಳೆಯಿತು. ಸಜ್ಜಾದ್ ಜಹೀರ್ ಅವರ ‘ಲಂಡನ್ ಕೀ ಏಕ್ ರಾತ್’ (1938) ಲಂಡನ್ನಿನಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಒಂದು ರಾತ್ರಿಯನ್ನು ಮನಸ್ಸಿನ ಓಟದ ಹಾದಿಯಲ್ಲೇ ಹಿಡಿದ ಕಿರುಕಾದಂಬರಿ.

ಈ ಪೀಳಿಗೆಯ ಗಟ್ಟಿ ಕಾದಂಬರಿ ಇಸ್ಮತ್ ಚುಗತಾಯ್ ಅವರ ‘ಟೇಢಿ ಲಕೀರ್’. 1940ರ ದಶಕದ ನಡುವೆ ಬಂದ ಇದರ ನಾಯಕಿ ಶಮ್ಮನ್, ಈಗಾಗಲೇ ತುಂಬಿತುಳುಕುವ ಮನೆಯ ಹತ್ತನೆಯ ಮಗು. ತಾಯಿಗೆ ಅವಳನ್ನು ಎತ್ತಿಕೊಳ್ಳುವಷ್ಟೂ ಪುರುಸೊತ್ತಿಲ್ಲ, ದಾದಿ ಸಾಕುತ್ತಾಳೆ. ಮಣ್ಣಿನಲ್ಲಿ ಹೊರಳಾಡಿ ಬೆಳೆದ ಹುಡುಗಿ ಹಾಸ್ಟೆಲು, ಕಾಲೇಜು, ಗೆಳತಿಯರ ಮೋಹ, ಶಾಲೆಯ ನೌಕರಿ, ಐರಿಶ್ ಗಂಡನೊಂದಿಗಿನ ಮದುವೆ, ಇವೆಲ್ಲವನ್ನೂ ಹಾದು ತಾಯ್ತನದ ಹೊಸ್ತಿಲಿಗೆ ಬರುತ್ತಾಳೆ. ಅಸ್ಗರಿಯ ಶಿಸ್ತಿನ ಮನೆಗೆ ಇದು ಎಪ್ಪತ್ತೈದು ವರ್ಷಗಳ ನಂತರ ಸಿಕ್ಕ ಮಾರುತ್ತರ.

ಇದೇ ಪೀಳಿಗೆಯ ರಾಜಿಂದರ್ ಸಿಂಗ್ ಬೇದಿ 1962ರಲ್ಲಿ ‘ಏಕ್ ಚಾದರ್ ಮೈಲಿ ಸೀ’ ಬರೆದರು. ಪಂಜಾಬಿನ ಹಳ್ಳಿಯ ರಾನೋ ಟಾಂಗಾ ಓಡಿಸುವ ಗಂಡನ ಕೊಲೆಯಾದ ಬಳಿಕ, ತಾನೇ ಮಗನಂತೆ ಸಾಕಿದ ಮೈದುನನನ್ನು ಊರವರ ಒತ್ತಾಯಕ್ಕೆ ಮದುವೆಯಾಗಬೇಕಾಗುತ್ತದೆ. ಈ ಪುಟ್ಟ ಕೃತಿಗೆ 1965ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಾದತ್ ಹಸನ್ ಮಂಟೋ ಮಾತ್ರ ಸಣ್ಣಕಥೆಯಲ್ಲೇ ನೆಲೆನಿಂತರು. ಅವರು ಬರೆದದ್ದು ಒಂದೇ ಕಾದಂಬರಿ.

ಎರಡಾದ ಮನೆ

ದೇಶವಿಭಜನೆ ಉರ್ದುವಿಗೆ ಬೇರೆ ಭಾಷೆಗಳಿಗಿಂತ ಬೇರೆಯ ಪೆಟ್ಟು ಕೊಟ್ಟಿತು. ಭಾಷೆಯ ತವರೂರುಗಳಾದ ದೆಹಲಿ, ಲಖನೌ ಭಾರತದಲ್ಲಿ ಉಳಿದವು. ಅದು ರಾಷ್ಟ್ರಭಾಷೆಯಾದದ್ದು ಪಾಕಿಸ್ತಾನದಲ್ಲಿ. ಲೇಖಕರು, ಪ್ರಕಾಶಕರು, ಓದುಗರು ಗಡಿಯ ಎರಡೂ ಬದಿಗೆ ಹಂಚಿಹೋದರು. ಉರ್ದುವಿನ ಶ್ರೇಷ್ಠ ಕಾದಂಬರಿಗಳಲ್ಲಿ ಹಲವು ಈ ಏಟಿನ ನಂತರದ ಮೂರು ದಶಕಗಳಲ್ಲಿ ಬಂದವು.

ಕುರ್ರತುಲ್ ಐನ್ ಹೈದರ್ ಅಲಿಗಢದಲ್ಲಿ ಹುಟ್ಟಿ, ಲಖನೌದಲ್ಲಿ ಓದಿ, ವಿಭಜನೆಯ ಹೊತ್ತಿಗೆ ಪಾಕಿಸ್ತಾನಕ್ಕೆ ಹೋದವರು. ಅಲ್ಲಿದ್ದಾಗಲೇ 1959ರಲ್ಲಿ ‘ಆಗ್ ಕಾ ದರಿಯಾ’ ಪ್ರಕಟಿಸಿದರು. ಕಾದಂಬರಿ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಶ್ರಾವಸ್ತಿಯ ವಿದ್ಯಾರ್ಥಿ ಗೌತಮ ನೀಲಾಂಬರನಿಂದ ಆರಂಭವಾಗಿ, ಜೌನ್‌ಪುರದ ಸುಲ್ತಾನರ ಕಾಲಕ್ಕೆ, ಈಸ್ಟ್ ಇಂಡಿಯಾ ಕಂಪನಿಯ ಕಾಲಕ್ಕೆ, ನವಾಬಿ ಲಖನೌಗೆ, ಕೊನೆಗೆ ವಿಭಜನೆಯ ಕಾಲಕ್ಕೆ ಬರುತ್ತದೆ. ಗೌತಮ, ಚಂಪಾ, ಕಮಾಲ್, ಸಿರಿಲ್ ಎಂಬ ಹೆಸರುಗಳು ಯುಗದಿಂದ ಯುಗಕ್ಕೆ ಹೊಸ ಪಾತ್ರಗಳಾಗಿ ಮರಳುತ್ತವೆ. ಬಾಗ್ದಾದಿನಿಂದ ಬಂದು ಈ ನೆಲದವನಾಗಿ ಬೇರೂರಿದ ಕಮಾಲುದ್ದೀನನ ಹೆಸರನ್ನೇ ಹೊತ್ತ ಆಧುನಿಕ ಕಮಾಲ್, ವಿಲಾಯಿತಿಯಿಂದ ಓದು ಮುಗಿಸಿ ಬಂದಾಗ ಸ್ವಂತ ಊರಿನಲ್ಲೇ ನೆಲೆ ಕಾಣದೆ ಪಾಕಿಸ್ತಾನಕ್ಕೆ ಹೊರಡಬೇಕಾಗುತ್ತದೆ. ಎರಡೂವರೆ ಸಾವಿರ ವರ್ಷಗಳ ಕೂಡುಬಾಳನ್ನು ಒಂದು ಗೆರೆ ಕತ್ತರಿಸಬಲ್ಲುದೇ ಎಂಬ ಪ್ರಶ್ನೆ ಪಾಕಿಸ್ತಾನದಲ್ಲಿ ದೊಡ್ಡ ವಿವಾದ ಎಬ್ಬಿಸಿತು. ಲೇಖಕಿ 1960ರ ದಶಕದ ಮೊದಲಲ್ಲಿ ಭಾರತಕ್ಕೆ ಮರಳಿದರು. 1989ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. 1998ರಲ್ಲಿ ಈ ಕಾದಂಬರಿಯನ್ನು ತಾವೇ ಇಂಗ್ಲಿಷಿನಲ್ಲಿ ಮರುಸೃಷ್ಟಿಸಿದರು. 2007ರಲ್ಲಿ ತೀರಿಕೊಂಡರು.

ಲಾಹೋರಿಗೆ ವಲಸೆ ಹೋದ ಖದೀಜಾ ಮಸ್ತೂರ್ ‘ಆಂಗನ್’ (1962) ಕಾದಂಬರಿಯಲ್ಲಿ ಇದೇ ಇತಿಹಾಸವನ್ನು ಒಂದೇ ಒಂದು ಒಳಂಗಳದಲ್ಲಿ ಕೂರಿಸಿದರು. ಅಂಗಳದಲ್ಲಿ ಕುಳಿತು ಎಲ್ಲವನ್ನೂ ನೋಡುವವಳು ಆಲಿಯಾ ಎಂಬ ಹುಡುಗಿ. ದೊಡ್ಡಪ್ಪ ಕಾಂಗ್ರೆಸ್ಸಿಗ, ಅವರ ಮಗ ಜಮೀಲ್ ಮುಸ್ಲಿಂ ಲೀಗಿನವನು. ಇಬ್ಬರೂ ದೇಶದ ಚಿಂತೆಯಲ್ಲಿ ಮುಳುಗಿರುವಾಗ ಮನೆಯ ಹೆಂಗಸರಿಗೆ ಹಿಟ್ಟು, ಬಟ್ಟೆ, ಮಕ್ಕಳ ಶುಲ್ಕದ ಚಿಂತೆ. ಛಮ್ಮಿ ಎಂಬ ತುಂಟ ಹುಡುಗಿ ದೊಡ್ಡಪ್ಪನನ್ನು ರೇಗಿಸಲೆಂದೇ ಬೀದಿಯ ಮಕ್ಕಳನ್ನು ಕಟ್ಟಿಕೊಂಡು ಲೀಗಿನ ಮೆರವಣಿಗೆ ತೆಗೆಯುತ್ತಾಳೆ. ರಾಜಕೀಯದ ದೊಡ್ಡ ಭಾಷಣಗಳೆಲ್ಲ ಇಲ್ಲಿ ಊಟದ ಹೊತ್ತಿನ ಜಗಳವಾಗಿ ಕೇಳಿಸುತ್ತವೆ.

ಮರುವರ್ಷ ಬಂದ ‘ಉದಾಸ್ ನಸ್ಲೇಂ’ ಬರೆದ ಅಬ್ದುಲ್ಲಾ ಹುಸೇನ್ ಅವರ ನಿಜನಾಮ ಮುಹಮ್ಮದ್ ಖಾನ್. ಸಿಮೆಂಟ್ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದರು. ರೈತರ ಮಗ ನಯೀಮ್ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಹೋರಾಡಿ ಒಂದು ತೋಳು ಕಳೆದುಕೊಂಡು ಬಂದು, ರಾಷ್ಟ್ರೀಯ ಹೋರಾಟಕ್ಕೆ ಇಳಿದು, ಕಡೆಗೆ ವಿಭಜನೆಯ ನಿರಾಶ್ರಿತರ ಪ್ರವಾಹದಲ್ಲಿ ಕಾಣೆಯಾಗುತ್ತಾನೆ. ಶೌಕತ್ ಸಿದ್ದೀಕಿ ಅವರ ‘ಖುದಾ ಕೀ ಬಸ್ತಿ’ ಹೊಸ ದೇಶದ ಕೊಳೆಗೇರಿಗಳಲ್ಲಿ ಬೆಳೆದ ಹುಡುಗರ ಕಥೆ. 1969ರಲ್ಲಿ ಪಾಕಿಸ್ತಾನ ಟೆಲಿವಿಷನ್ ಅದನ್ನು ಧಾರಾವಾಹಿ ಮಾಡಿ, 1974ರಲ್ಲಿ ಮತ್ತೊಮ್ಮೆ ತೆಗೆಯಿತು.

ಬುಲಂದಶಹರ್ ಜಿಲ್ಲೆಯ ದಿಬಾಯಿಯಲ್ಲಿ ಹುಟ್ಟಿ ಲಾಹೋರಿನಲ್ಲಿ ಬಾಳಿದ ಇಂತಿಜಾರ್ ಹುಸೇನ್ ‘ಬಸ್ತಿ’ಯನ್ನು 1979ರಲ್ಲಿ ಪ್ರಕಟಿಸಿದರು. ಚರಿತ್ರೆಯ ಅಧ್ಯಾಪಕ ಜಾಕಿರ್ 1971ರ ಯುದ್ಧದ ದಿನಗಳಲ್ಲಿ ತಾನು ಬಿಟ್ಟುಬಂದ ರೂಪನಗರವನ್ನು ನೆನೆಯುತ್ತಾನೆ. ಆ ಊರಿಗೆ ಕರೆಂಟು ಬರುವ ಮುನ್ನ ನೆಟ್ಟ ಕಂಬಗಳು, ಮಂಗಗಳ ಹಿಂಡು, ರಾಮಾಯಣದ ಮತ್ತು ಕರ್ಬಲಾದ ಕಥೆಗಳನ್ನು ಒಂದೇ ಉಸಿರಿನಲ್ಲಿ ಕೇಳಿ ಬೆಳೆದ ಬಾಲ್ಯ ಒಂದು ಕಡೆ. ಚಹಾದಂಗಡಿಯಲ್ಲಿ ವಾದಿಸುವ ಗೆಳೆಯರು, ಬ್ಲ್ಯಾಕೌಟಿನ ರಾತ್ರಿಗಳು ಇನ್ನೊಂದು ಕಡೆ. ಜಾತಕ ಕಥೆ, ದಾಸ್ತಾನ್, ಪುರಾಣಗಳ ನಿರೂಪಣೆಯನ್ನು ಅವರು ಆಧುನಿಕ ಕಾದಂಬರಿಗೆ ಮರಳಿ ತಂದರು. 2013ರ ಮ್ಯಾನ್ ಬುಕರ್ ಅಂತರರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಟ್ಟಿಯ ಹತ್ತು ಲೇಖಕರಲ್ಲಿ ಇಂತಿಜಾರ್ ಹುಸೇನ್ ಇದ್ದರು. ಅದೇ ಪಟ್ಟಿಯಲ್ಲಿ ಯು.ಆರ್. ಅನಂತಮೂರ್ತಿಯವರ ಹೆಸರೂ ಇತ್ತು.

ಹೈದರಾಬಾದಿನ ದೇವಡಿಗಳು

ಕಲಬುರಗಿ, ಬೀದರ, ರಾಯಚೂರುಗಳನ್ನು ಒಳಗೊಂಡಿದ್ದ ನಿಜಾಮರ ರಾಜ್ಯದಲ್ಲಿ ಉರ್ದು ಆಡಳಿತದ ಭಾಷೆಯಾಗಿತ್ತು. ಆ ರಾಜ್ಯದ ಶ್ರೀಮಂತರ ಬದುಕು ಅಜೀಜ್ ಅಹ್ಮದ್ ಅವರ ‘ಐಸಿ ಬುಲಂದಿ ಐಸಿ ಪಸ್ತಿ’ಯಲ್ಲಿ ನಿಷ್ಠುರವಾಗಿ ಚಿತ್ರಿತವಾಗಿದೆ. ಪಾಶ್ಚಾತ್ಯ ನಡೆನುಡಿಯ ಕುಟುಂಬಗಳ ಬಂಗಲೆ, ಪಾರ್ಟಿ, ಮುರಿದ ದಾಂಪತ್ಯಗಳು ಅದರ ವಸ್ತು. ಜೀಲಾನಿ ಬಾನು ಅವರ ‘ಐವಾನ್-ಎ-ಗಜಲ್’ (1976) ಅದೇ ಶ್ರೀಮಂತರ ದೇವಡಿಗಳ, ಅಂದರೆ ಮಹಲುಗಳ, ಒಳಗೆ ಹೆಣ್ಣುಮಕ್ಕಳು ಹೇಗೆ ನಲುಗಿದರೆಂದು ಹೇಳಿದರೆ, ಅವರ ‘ಬಾರಿಶ್-ಎ-ಸಂಗ್’ ತೆಲಂಗಾಣದ ಜೀತದಾಳುಗಳ ಕಡೆಗೆ ತಿರುಗುತ್ತದೆ.

ಜನಪ್ರಿಯ ಧಾರೆ

ವಿಮರ್ಶಕರ ಪಟ್ಟಿಯಲ್ಲಿ ಬಹುಕಾಲ ಜಾಗ ಸಿಗದಿದ್ದರೂ ಉರ್ದುವಿನ ಅತಿ ಹೆಚ್ಚು ಓದುಗರನ್ನು ಗಳಿಸಿದವರಲ್ಲಿ ಇಬ್ನೆ ಸಫಿ ಮುಂಚೂಣಿಯವರು. ಅಲಹಾಬಾದ್ ಜಿಲ್ಲೆಯ ನಾರಾ ಗ್ರಾಮದ ಅಸ್ರಾರ್ ಅಹ್ಮದ್ 1952ರಲ್ಲಿ ‘ಜಾಸೂಸಿ ದುನಿಯಾ’ ಪತ್ತೇದಾರಿ ಮಾಲೆಯನ್ನು ಈ ಹೆಸರಿನಲ್ಲಿ ಆರಂಭಿಸಿ, ಅದೇ ವರ್ಷ ಕರಾಚಿಗೆ ಹೋದರು. 1955ರಿಂದ ‘ಇಮ್ರಾನ್’ ಮಾಲೆಯೂ ಸೇರಿತು. ಎರಡೂ ಸೇರಿ ಸುಮಾರು 245 ಪುಸ್ತಕಗಳು. ಲೇಖಕ ಕರಾಚಿಯಲ್ಲಿದ್ದರೂ ಪುಸ್ತಕಗಳು ಅಲಹಾಬಾದಿನಿಂದಲೂ ಹೊರಬರುತ್ತಿದ್ದವು. ಹಿಂದಿ ಆವೃತ್ತಿಯಲ್ಲಿ ಫರೀದಿ ಎಂಬ ಪತ್ತೇದಾರ ವಿನೋದನಾದ, ಇಮ್ರಾನ್ ರಾಜೇಶನಾದ.

ನಸೀಮ್ ಹಿಜಾಜಿ ಶರರ್ ಹಾಕಿದ ಚಾರಿತ್ರಿಕ ಕಾದಂಬರಿಯ ದಾರಿಯಲ್ಲಿ ನಡೆದು ಪಾಕಿಸ್ತಾನದಲ್ಲಿ ಭಾರಿ ಜನಪ್ರಿಯರಾದರು. ಅವರ ‘ಮುಅಜ್ಜಮ್ ಅಲಿ’ ಮತ್ತು ‘ಔರ್ ತಲ್ವಾರ್ ಟೂಟ್ ಗಯೀ’ ಕಾದಂಬರಿಗಳಲ್ಲಿ ಹೈದರಾಲಿ, ಟಿಪ್ಪು ಸುಲ್ತಾನರ ಮೈಸೂರು ಬರುತ್ತದೆ. ಪಾತ್ರಗಳಿಗಿಂತ ಧರ್ಮವೀರರ ವೈಭವಕ್ಕೇ ಅವರು ಹೆಚ್ಚು ಒತ್ತು ಕೊಟ್ಟರೆಂಬ ಟೀಕೆಯೂ ಇದೆ. ಮಹಿಳೆಯರ ಮಾಸಿಕ ಡೈಜೆಸ್ಟುಗಳಲ್ಲಿ ಬರುವ ಧಾರಾವಾಹಿಗಳದ್ದು ಇನ್ನೊಂದು ಲೋಕ. ಫರ್ಹತ್ ಇಶ್ತಿಯಾಕ್ ಅವರ ‘ಹಮ್‌ಸಫರ್’, ಉಮೇರಾ ಅಹ್ಮದ್ ಅವರ ‘ಜಿಂದಗಿ ಗುಲ್ಜಾರ್ ಹೈ’ ಟಿವಿ ಧಾರಾವಾಹಿಗಳಾಗಿ ಭಾರತದಲ್ಲೂ ಅಪಾರ ವೀಕ್ಷಕರನ್ನು ಸೆಳೆದವು. ಅತ್ತೆ-ಸೊಸೆ, ಮದುವೆ, ಮರ್ಯಾದೆಯ ಇವುಗಳ ಜಗತ್ತು ನಜೀರ್ ಅಹ್ಮದರ ಮನೆಗೆ ಹತ್ತಿರದ ನೆಂಟ.

ಹೊಸ ಶತಮಾನ

ಭಾರತದಲ್ಲಿ ಉರ್ದು ಕಾದಂಬರಿ 1980ರ ದಶಕದಿಂದ ಹೊಸ ಊರುಗಳಿಗೆ ಹೋಯಿತು. ಅಬ್ದುಸ್ ಸಮದ್ ಅವರ ‘ದೋ ಗಜ್ ಜಮೀನ್’ ಬಿಹಾರದ ಕುಟುಂಬವೊಂದು ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿ ಹರಿದು ಹಂಚಿಹೋದುದನ್ನು ಹೇಳುತ್ತದೆ. ಇಲಿಯಾಸ್ ಅಹ್ಮದ್ ಗದ್ದಿ ಅವರ ‘ಫೈರ್ ಏರಿಯಾ’ ಧನಬಾದಿನ ಕಲ್ಲಿದ್ದಲು ಗಣಿಗಳಿಗೆ ಇಳಿಯುತ್ತದೆ. ಎರಡೂ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವು.

ಅಂಚೆ ಇಲಾಖೆಯ ಅಧಿಕಾರಿ, ವಿಮರ್ಶಕ, ‘ಶಬ್‌ಖೂನ್’ ಪತ್ರಿಕೆಯ ಸಂಪಾದಕರಾಗಿದ್ದ ಶಮ್ಸುರ್ರಹಮಾನ್ ಫಾರೂಕಿ ಎಪ್ಪತ್ತು ದಾಟಿದ ಮೇಲೆ, 2006ರಲ್ಲಿ, ‘ಕಯೀ ಚಾಂದ್ ಥೇ ಸರ್-ಎ-ಆಸ್ಮಾನ್’ ಪ್ರಕಟಿಸಿದರು. ಕವಿ ದಾಗ್ ಅವರ ತಾಯಿ ವಜೀರ್ ಖಾನಮ್ ಇದರ ನಾಯಕಿ. 1857ಕ್ಕೆ ಮುಂಚಿನ ದೆಹಲಿಯಲ್ಲಿ, ಗಂಡಸರು ಒಬ್ಬರಾದ ಮೇಲೊಬ್ಬರು ಸಾವಿಗೀಡಾಗುತ್ತ ಹೋದರೂ ತಲೆಬಾಗದ ಹೆಣ್ಣು. ಆ ಕಾಲದ ಬಟ್ಟೆ, ಒಡವೆ, ಚಿತ್ರಕಲೆ, ಮಾತಿನ ಮರ್ಯಾದೆಗಳನ್ನೆಲ್ಲ ಇದ್ದ ಹಾಗೆಯೇ ಕಟ್ಟಿಕೊಟ್ಟ ಈ ಬೃಹತ್ ಕೃತಿಯನ್ನು ಅವರೇ ಇಂಗ್ಲಿಷಿಗೂ ತಂದರು. ಮುಂಬಯಿಯ ಬದುಕನ್ನು ವಸ್ತುವಾಗಿಸಿದ ರಹಮಾನ್ ಅಬ್ಬಾಸ್ ಅವರ ‘ರೋಹಜಿನ್’ಗೆ 2018ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಮೊದಲ ಕಾದಂಬರಿಯ ಮೇಲೆ ಅಶ್ಲೀಲತೆಯ ಮೊಕದ್ದಮೆ ಹೂಡಲಾಗಿತ್ತು. ಅದರಿಂದ ಅವರು ಖುಲಾಸೆಯಾದದ್ದು 2016ರಲ್ಲಿ.

ದೆಹಲಿಯ ಜಾಮಿಯಾ ಮಿಲಿಯಾ ಇಸ್ಲಾಮಿಯಾದಲ್ಲಿ ಅಧ್ಯಾಪಕರಾದ ಖಾಲಿದ್ ಜಾವೇದ್ ಅವರ ‘ನೇಮತ್ ಖಾನಾ’ (2014) ಅವಿಭಕ್ತ ಕುಟುಂಬವೊಂದರ ಅಡುಗೆಮನೆಯನ್ನೇ ಕೇಂದ್ರವಾಗಿಸಿಕೊಂಡಿದೆ. ಹಸಿವು, ಅಸೂಯೆ, ಹಿಂಸೆ ಎಲ್ಲಕ್ಕೂ ಅದೇ ರಂಗಸ್ಥಳ. ಬಾರಾನ್ ಫಾರೂಕಿ ಮಾಡಿದ ಇಂಗ್ಲಿಷ್ ಅನುವಾದಕ್ಕೆ 2022ರ ಜೆಸಿಬಿ ಸಾಹಿತ್ಯ ಪ್ರಶಸ್ತಿ ದೊರೆಯಿತು. ಆ ಪ್ರಶಸ್ತಿ ಪಡೆದ ಮೊದಲ ಉರ್ದು ಕೃತಿ ಅದು.

ಉರ್ದು ಕಾದಂಬರಿಯ ಓದುಗರು ಇಂದು ಒಂದೇ ಲಿಪಿಯಲ್ಲಿ ಇಲ್ಲ. ಉತ್ತರ ಭಾರತದಲ್ಲಿ ಉರ್ದು ಮಾತು ಅರ್ಥವಾಗಿಯೂ ಲಿಪಿ ಓದಲು ಬಾರದವರು ಬಹಳ. ಅವರಿಗಾಗಿ ಇಸ್ಮತ್, ಬೇದಿ, ಹೈದರ್, ಇಬ್ನೆ ಸಫಿ ಅವರ ಪುಸ್ತಕಗಳು ದೇವನಾಗರಿಯಲ್ಲಿ ಅಚ್ಚಾಗುತ್ತಿವೆ. ಉಳಿದವರಿಗೆ ಇಂಗ್ಲಿಷ್ ಮತ್ತು ಇತರ ಭಾರತೀಯ ಭಾಷೆಗಳ ಅನುವಾದಗಳೇ ದಾರಿ. ಹೊಸದಾಗಿ ಓದಲು ತೊಡಗುವವರಿಗೆ ‘ಉಮ್ರಾವ್ ಜಾನ್ ಅದಾ’, ‘ಟೇಢಿ ಲಕೀರ್’, ‘ಆಂಗನ್’, ‘ಬಸ್ತಿ’ ಈ ನಾಲ್ಕು ಒಳ್ಳೆಯ ಆರಂಭ. ‘ಆಗ್ ಕಾ ದರಿಯಾ’ ಅವುಗಳ ಬಳಿಕ ಓದಿದರೆ ಹೆಚ್ಚು ದಕ್ಕುತ್ತದೆ.